ಹರಕೆ ಫಲಿಸದ ಮನೆಯಲ್ಲಿ ಉಳಿದ ಭಕ್ತಿ: ಹಿಮಪಾತದಲ್ಲಿ ಮಗನನ್ನು ಕಳೆದುಕೊಂಡ ಕುಟುಂಬವೊಂದರ ಪ್ರಕರಣ ಅಧ್ಯಯನ

ಹಿನ್ನೆಲೆ

ಈ ಪ್ರಕರಣದ ಕುಟುಂಬ ಉತ್ತರ ಕರ್ನಾಟಕದ ಎರೆಭೂಮಿಯ ಹಳ್ಳಿಯೊಂದರದು. ಗುರುತು ಸಿಗದಿರಲೆಂದು ಹೆಸರು, ಊರು, ರೆಜಿಮೆಂಟು ಮತ್ತು ಘಟನೆಯ ವರ್ಷವನ್ನು ಇಲ್ಲಿ ಕೊಟ್ಟಿಲ್ಲ. ಮನೆಮಂದಿಯ ಕುರಿತ ಕೆಲವು ಸಣ್ಣ ವಿವರಗಳನ್ನು ಬದಲಿಸಿದ್ದೇನೆ. ಮಡಿದ ಯೋಧನ ತಾಯಿಯನ್ನು ಅವ್ವ ಎಂದೂ, ತಂದೆಯನ್ನು ಅಪ್ಪ ಎಂದೂ, ಹೆಂಡತಿಯನ್ನು ಸೊಸೆ ಎಂದೂ ಕರೆದಿದ್ದೇನೆ. ಸೈನಿಕರ ಕುಟುಂಬಗಳ ಜೊತೆ ಆಪ್ತಸಮಾಲೋಚನೆ ಮಾಡುವ ಸಣ್ಣ ತಂಡವೊಂದರ ಪರವಾಗಿ ಈ ಮನೆಗೆ ಹೋಗಿಬರುತ್ತಿದ್ದವನು ನಾನು. ಇದನ್ನು ಬರೆದುಕೊಳ್ಳಲು ಮೂವರೂ ಒಪ್ಪಿದ್ದಾರೆ.

ಹಿಂಗಾರಿಯಲ್ಲಿ ಜೋಳ ಮತ್ತು ಕಡಲೆ ಬೆಳೆಯುವ ಲಿಂಗಾಯತ ಮನೆತನವದು. ಭರ್ತಿ ರ‍್ಯಾಲಿಯಲ್ಲಿ ಓಡಿ ಗೆದ್ದು ಸೇನೆ ಸೇರಿದ ಹಿರಿಯ ಮಗನ ಸಂಬಳದಿಂದಲೇ ತಗಡಿನ ಮಾಳಿಗೆ ಆರ್‌ಸಿಸಿ ಆಗಿತ್ತು, ತಂಗಿಯ ಮದುವೆಯಾಗಿತ್ತು. ಕೊರಳಲ್ಲಿ ಇಷ್ಟಲಿಂಗ, ಗುರುಸ್ಥಾನವಾಗಿ ಸಮೀಪದ ಮಠ, ಮನೆದೇವರಾಗಿ ಸವದತ್ತಿಯ ಎಲ್ಲಮ್ಮ: ಈ ಮನೆಯ ಭಕ್ತಿ ಇಷ್ಟರಲ್ಲೂ ಹರಡಿಕೊಂಡಿತ್ತು. ಇಷ್ಟಲಿಂಗ ಕಟ್ಟಿದವರಿಗೆ ಬೇರೆ ದೈವವೇಕೆ ಎಂದು ಶಾಸ್ತ್ರ ಬಲ್ಲವರು ಕೇಳಬಹುದು. ಈ ಭಾಗದ ಮನೆಗಳಲ್ಲಿ ಅವು ತಕರಾರಿಲ್ಲದೆ ದೇವರನ್ನಿಡುವ ಒಂದೇ ಜಗಲಿಯ ಮೇಲಿರುತ್ತವೆ. ಆದರೆ ದುಃಖ ಬಂದಾಗ ಮೂರೂ ಒಂದೇ ರೀತಿ ಉಳಿಯಲಿಲ್ಲ ಎಂಬುದು ಈ ಪ್ರಕರಣದಲ್ಲಿ ಗಮನಿಸಬೇಕಾದ ಸಂಗತಿ.

ಯೋಧ ಮಡಿದದ್ದು ಸಿಯಾಚಿನ್ ಹಿಮನದಿಯ ಮೇಲೆ. 1984ರ ಏಪ್ರಿಲ್ 13ರಂದು ಆಪರೇಷನ್ ಮೇಘದೂತ್ ಆರಂಭವಾದಂದಿನಿಂದ ಭಾರತೀಯ ಸೇನೆ ಅಲ್ಲಿದೆ. 2003ರ ನವೆಂಬರ್‌ನಲ್ಲಿ ಕದನ ವಿರಾಮವಾದ ಮೇಲೆ ಅಲ್ಲಿ ಜೀವ ತೆಗೆಯುತ್ತಿರುವುದು ಗುಂಡಿಗಿಂತ ಹೆಚ್ಚಾಗಿ ಹಿಮಪಾತ, ಹಿಮದ ಬಿರುಕು ಮತ್ತು ಗಾಳಿಯಲ್ಲಿ ಪ್ರಾಣವಾಯುವಿನ ಕೊರತೆ. ಇವನಿದ್ದ ತುಕಡಿಯ ಮೇಲೂ ಹಿಮ ಕುಸಿಯಿತು.

ಕಾಯುವಿಕೆ ಮತ್ತು ಹರಕೆ

ಮೊದಲು ಬಂದ ಫೋನು ಸಾವಿನದಲ್ಲ. ನಿಮ್ಮ ಮಗ ಹಿಮದಡಿ ಸಿಲುಕಿದ್ದಾನೆ, ಹುಡುಕಾಟ ನಡೆದಿದೆ ಎಂಬುದಷ್ಟೇ ಸುದ್ದಿ. ಬೇರೆ ರಾಜ್ಯದ ಮನೆಯಲ್ಲಾಗಿದ್ದರೆ ಈ ಸುದ್ದಿಯ ಅರ್ಥ ಬೇಗನೆ ತಿಳಿಯುತ್ತಿತ್ತೋ ಏನೋ. ಆದರೆ ಧಾರವಾಡ ಸೀಮೆಯ ಜನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದರನ್ನು ಮರೆತಿಲ್ಲ. 2016ರ ಫೆಬ್ರವರಿ 3ರಂದು ಸುಮಾರು 19,600 ಅಡಿ ಎತ್ತರದ ಸೋನಂ ಠಾಣೆಯ ಮೇಲೆ ಹಿಮ ಕುಸಿದು ಹತ್ತು ಯೋಧರು ಹೂತುಹೋಗಿದ್ದರು; ಆರು ದಿನಗಳ ಬಳಿಕ ಕುಂದಗೋಳ ತಾಲ್ಲೂಕಿನ ಬೆಟದೂರಿನ ಕೊಪ್ಪದ ಜೀವಂತ ಸಿಕ್ಕಿದರು, ಫೆಬ್ರವರಿ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ತೀರಿಕೊಂಡರು. ಅಂದು ಊರೂರುಗಳಲ್ಲಿ ಪೂಜೆ ನಡೆದಿತ್ತು. ಅವ್ವನ ಮನಸ್ಸು ಆ ಘಟನೆಯ ಮೊದಲರ್ಧವನ್ನು ಮಾತ್ರ ಹಿಡಿದುಕೊಂಡಿತು. ‘ಅವ ಆರು ದಿನಾ ಇದ್ದನಲ್ಲ’ ಎಂಬ ಒಂದೇ ಮಾತಿನ ಮೇಲೆ ಆಕೆ ಅನ್ನ ಬಿಟ್ಟು ಕೂತಳು. ಮಗ ಜೀವಂತ ಬಂದರೆ ಎಲ್ಲಮ್ಮನ ಗುಡ್ಡಕ್ಕೆ ನಡೆದು ಹೋಗಿ ಹೆಜ್ಜೆಹೆಜ್ಜೆಗೂ ನೆಲಕ್ಕೆ ಅಡ್ಡಬೀಳುವ ದೀಡ ನಮಸ್ಕಾರ ಹಾಕುತ್ತೇನೆ ಎಂದು ಹರಕೆ ಹೊತ್ತಳು. ನೆರೆಹೊರೆಯವರೂ ತಮ್ಮ ತಮ್ಮ ದೇವರಿಗೆ ಹೊತ್ತರು. ಆರನೆಯ ದಿನವೂ ಕಳೆದ ಮೇಲೆ ಶವ ಸಿಕ್ಕ ಸುದ್ದಿ ಬಂತು.

ಮುಂದೆ ನಡೆದ ಎಷ್ಟೋ ಸಂಗತಿಗಳ ಬೇರು ಈ ಕಾಯುವ ದಿನಗಳಲ್ಲಿದೆ. ನೇರ ಸಾವಿನ ಸುದ್ದಿ ಕೇಳಿದ ತಾಯಿ ದೇವರನ್ನು ‘ಏಕೆ ಒಯ್ದೆ’ ಎಂದು ಕೇಳುತ್ತಾಳೆ. ಈ ತಾಯಿಯ ತಕರಾರು ಬೇರೆ: ತಾನು ಕೇಳಿದ್ದೆ, ದೇವಿ ಕೇಳಿಸಿಕೊಂಡು ಇಲ್ಲವೆಂದಳು. ತಿಥಿ ಮುಗಿಯುವ ಮೊದಲೇ ಅವ್ವ ಜಗಲಿಯ ಮೇಲಿದ್ದ ಎಲ್ಲಮ್ಮನ ಚೌಕಟ್ಟಿನ ಫೋಟೊ ತೆಗೆದು ಜೋಳದ ಚೀಲಗಳ ಹಿಂದೆ ಇಟ್ಟಳು. ಯಾರೂ ಮಾತಾಡಲಿಲ್ಲ.

ಮಣ್ಣು ಕೊಡುವ ದಿನ

ಲಿಂಗಾಯತರಲ್ಲಿ ದಹನವಿಲ್ಲ, ದೇಹಕ್ಕೆ ವಿಭೂತಿ ಧರಿಸಿ, ಎಡಗೈಯಲ್ಲಿ ಇಷ್ಟಲಿಂಗವಿಟ್ಟು, ಕುಣಿಯಲ್ಲಿ ಕುಳಿತ ಭಂಗಿಯಲ್ಲಿ ಸಮಾಧಿ ಮಾಡುವುದು ಸಂಪ್ರದಾಯ. ಹಿಮದಡಿ ದಿನಗಟ್ಟಲೆ ಇದ್ದು, ಕೆಡದಂತೆ ಔಷಧಿ ತುಂಬಿ, ಪೆಟ್ಟಿಗೆಯಲ್ಲಿ ಮಲಗಿಸಿ ತಂದ ದೇಹವನ್ನು ಕೂರಿಸುವುದು ಆಗದ ಮಾತು. ಇದನ್ನು ಮನೆಯವರಿಗೆ ಮೊದಲೇ ಯಾರೂ ಹೇಳಿರಲಿಲ್ಲ. ಹೊಲದಲ್ಲಿ ರೂಢಿಯಂತೆ ಆಳವಾದ, ಇಕ್ಕಟ್ಟಾದ ಕುಣಿ ತೋಡಿಯಾಗಿತ್ತು. ತ್ರಿವರ್ಣ ಧ್ವಜ ಹೊದಿಸಿದ ಪೆಟ್ಟಿಗೆ ಅಂಗಳದಲ್ಲಿ ಇಳಿದಾಗ ದೊಡ್ಡಪ್ಪ ಕೂರಿಸಲೇಬೇಕೆಂದು ಪಟ್ಟು ಹಿಡಿದರು, ಬಂದಿದ್ದ ಅಧಿಕಾರಿ ಮುಜುಗರದಿಂದ ಇದು ನಿಮ್ಮ ಮನೆಯ ತೀರ್ಮಾನ ಎಂದು ಸರಿದು ನಿಂತರು, ಹೊರಗೆ ಸಾವಿರಾರು ಜನ ಘೋಷಣೆ ಕೂಗುತ್ತಿದ್ದರು.

ತೀರ್ಮಾನ ಮಾಡಿದ್ದು ಮಠದ ಸ್ವಾಮಿಗಳು. ಅವರು ಮೊದಲು ಕೇಳಿದ್ದು ಅವ್ವನನ್ನು, ಮತ್ತು ಅದೇ ಈ ಪ್ರಕರಣದ ಮೊದಲ ತಿರುವು. ‘ಏನ್ ಆಗಬೇಕವ್ವಾ ನಿನಗ?’ ಎಂದದ್ದಕ್ಕೆ ಆಕೆ ಅಂದದ್ದು ಇಷ್ಟು: ‘ಪೆಟಿಗ್ಯಾಗ ಇಡಬ್ಯಾಡ್ರಿ, ಉಸಿರು ಕಟ್ಟತೈತಿ.’ ಸ್ವಾಮಿಗಳು ಕುಣಿಯನ್ನು ಉದ್ದಕ್ಕೆ ಅಗಲಿಸಲು ಹೇಳಿದರು. ಪೆಟ್ಟಿಗೆಯಿಂದ ತೆಗೆದು, ಹಣೆಗೆ ವಿಭೂತಿ ಇಟ್ಟು, ಮಠದಿಂದ ತಂದ ಲಿಂಗವನ್ನು ಎಡ ಅಂಗೈಯ ಮೇಲಿಟ್ಟು, ಮಲಗಿಸಿಯೇ ಮಣ್ಣು ಕೊಡಿಸಿದರು. ವಿಧಿಯ ಹೊರಗಿನ ಆಕಾರ ಬಿಟ್ಟುಕೊಟ್ಟು ಒಳಗಿನದನ್ನು ಉಳಿಸಿಕೊಂಡ ಈ ನಿರ್ಧಾರಕ್ಕೆ ಎಷ್ಟು ನಿಮಿಷ ಹಿಡಿಯಿತೋ ನಾನು ಕಾಣೆ. ಅದರ ಫಲವನ್ನಂತೂ ವರ್ಷಗಟ್ಟಲೆ ಕಂಡಿದ್ದೇನೆ.

ಅದೇ ದಿನದ ಇನ್ನೊಂದು ತೀರ್ಮಾನ ಸೊಸೆಯದು. ಬಳೆ ಒಡೆಯಲು, ಕುಂಕುಮ ಅಳಿಸಲು ಹಿರಿಯ ಹೆಂಗಸರು ಕೂಡಿದ್ದರು. ಸ್ವಾಮಿಗಳು ಬಾಗಿಲಲ್ಲೇ ನಿಂತು, ನಮ್ಮಲ್ಲಿ ಸಾವಿನ ಸೂತಕವೇ ಇಲ್ಲದಿರುವಾಗ ಈ ಹುಡುಗಿಗೆ ಎಲ್ಲಿಂದ ಬಂತು ಎಂದು ತಡೆದರು. ಕೈಬಳೆ ಉಳಿದವು. ಊರಿನ ಮದುವೆಗಳಿಗೆ ಅವಳನ್ನು ಕರೆಯುವುದು ಮಾತ್ರ ಕಡಿಮೆಯಾಯಿತು. ಸ್ವಾಮಿಗಳ ಮಾತು ಅಲ್ಲಿಯವರೆಗೆ ನಡೆಯಲಿಲ್ಲ.

ಗೌರವ ವಂದನೆಯ ಗುಂಡು ಹಾರಿದಾಗ ಅವ್ವ ಎಚ್ಚರ ತಪ್ಪಿ ಬಿದ್ದಳು. ಗುಂಡು ಹಾರಿಸುತ್ತಾರೆ ಎಂಬುದೇ ಆಕೆಗೆ ಗೊತ್ತಿರಲಿಲ್ಲ.

ಆಮೇಲಿನ ತಿಂಗಳುಗಳು

ನಾವು ಆ ಮನೆಗೆ ಹೋಗತೊಡಗಿದಾಗ ಅವ್ವನ ನಿದ್ದೆ ಪೂರ್ತಿ ಕೆಟ್ಟಿತ್ತು. ರಾತ್ರಿ ಎದ್ದು ಹೊಲದ ದಾರಿ ಹಿಡಿಯುತ್ತಿದ್ದಳು. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರು ಕೊಟ್ಟ ಗುಳಿಗೆಯಿಂದ ನಿದ್ದೆ ಸುಧಾರಿಸಿತು. ಅದನ್ನು ಮುಚ್ಚಿಡಬೇಕಾಗಿಲ್ಲ, ಭಕ್ತಿಯಿಂದಲೇ ಎಲ್ಲ ಸರಿಹೋಯಿತೆಂಬ ಕಥೆ ಇದಲ್ಲ. ಆದರೆ ಕೂತು ಮಾತಾಡುವ ನಮ್ಮ ಪದ್ಧತಿ ಆಕೆಯ ಮುಂದೆ ನಡೆಯಲಿಲ್ಲ. ಮಗನ ಮಾತೆತ್ತಿದರೆ ಆಕೆ ಜೋಳದ ಸೀತನಿಯ, ಅಂದರೆ ಎಳೆ ತೆನೆಯ, ಮಾತಾಡುತ್ತಿದ್ದಳು.

ಸಾಂತ್ವನ ಹೇಳಲು ಬಂದವರದ್ದು ಬೇರೊಂದು ಕಷ್ಟ. ಬಂದವರೆಲ್ಲ ಆಕೆಯನ್ನು ವೀರಮಾತೆ ಎಂದರು, ಇಂಥ ಮಗನನ್ನು ಹೆತ್ತ ಹೊಟ್ಟೆ ತಣ್ಣಗಿರಲಿ ಎಂದರು, ಶರಣರ ಗುಣವನ್ನು ಮರಣದಲ್ಲಿ ನೋಡಬೇಕು ಎಂಬ ಗಾದೆಯನ್ನೂ ಹೇಳಿದರು. ಒಮ್ಮೆ ಒಬ್ಬ ಮುಖಂಡರು ಹೋದ ಮೇಲೆ ಅವ್ವ ನನಗೆ ಅಂದಳು: ‘ಎಲ್ಲಾರೂ ಭಾಗ್ಯವಂತಿ ಅಂತಾರ. ಈ ಭಾಗ್ಯಾ ನಿಮ್ಮ ಮನಿಗೂ ಬೇಕೇನ್ರಿ ಅಂತ ಒಬ್ಬರನ್ನರ ಕೇಳ್ರಿ.’ ಗೌರವದ ಮಾತುಗಳು ಸುಳ್ಳಾಗಿರಲಿಲ್ಲ. ಆದರೆ ಅವು ಅಳುವುದಕ್ಕೆ ಜಾಗ ಬಿಡುತ್ತಿರಲಿಲ್ಲ; ವೀರಮಾತೆ ಜನರೆದುರು ಅತ್ತರೆ ಮಗನ ಮಾನ ಹೋಗುತ್ತದೆಂಬ ಅಳುಕು ಆಕೆಗೆ ಅಂಟಿಕೊಂಡಿತ್ತು.

ಅಪ್ಪನನ್ನು ಕೊರೆದದ್ದು ಇನ್ನೊಂದು ಮಾತು. ಚಹಾದಂಗಡಿಯಲ್ಲಿ ಯಾರೋ, ಗುಂಡು ತಾಗಿ ಸತ್ತವನೇನಲ್ಲವಲ್ಲ ಎಂದಿದ್ದರು. ನಿಯಂತ್ರಣ ರೇಖೆಯಂಥ ಕಡೆ ಕಾರ್ಯಾಚರಣೆಯಲ್ಲಿದ್ದಾಗ ಹಿಮಪಾತದಂಥ ಪ್ರಕೃತಿ ವಿಕೋಪದಿಂದಾದ ಸಾವನ್ನೂ ಸೇನೆ ಯುದ್ಧದ ಸಾವುಗಳ ಪಟ್ಟಿಗೇ ಸೇರಿಸುತ್ತದೆ, ಕುಟುಂಬಕ್ಕೆ ಸಿಗುವ ಉದಾರೀಕೃತ (ಹೆಚ್ಚಿನ ದರದ) ಪಿಂಚಣಿಯೂ ಆ ಲೆಕ್ಕದಲ್ಲೇ ಬರುತ್ತದೆ ಎಂಬುದನ್ನು ಆತನಿಗೆ ಕಾಗದ ತೋರಿಸಿ ಓದಿ ಹೇಳಿದ ದಿನ ಆತ ಮೊದಲ ಬಾರಿ ನಮ್ಮ ಮುಂದೆ ಅತ್ತ. ಸಾಂತ್ವನ ಕೆಲವೊಮ್ಮೆ ಸರಕಾರಿ ಕಾಗದದ ಒಂದು ಸಾಲಿನಿಂದಲೂ ಬರುತ್ತದೆ.

ಈ ನಡುವೆ ದೊಡ್ಡಪ್ಪ, ಅವ್ವನನ್ನು ದೈವದ ಹೆಸರಲ್ಲಿ ಹೇಳಿಕೆ ಹೇಳುವವನೊಬ್ಬನ ಬಳಿ ಕರೆದೊಯ್ದರು. ಮಲಗಿಸಿ ಹುಗಿದದ್ದರಿಂದ ಜೀವ ಐಕ್ಯವಾಗಿಲ್ಲ, ಹೊಲದಲ್ಲೇ ಅಲೆಯುತ್ತಿದೆ, ಶಾಂತಿ ಮಾಡಿಸಬೇಕು ಎಂದು ಅವನು ದೊಡ್ಡ ಮೊತ್ತ ಹೇಳಿದ. ಅಂದಿನಿಂದ ಮತ್ತೆ ರಾತ್ರಿಯ ಓಡಾಟ ಶುರುವಾಯಿತು. ನಂಬಿಕೆ ಆಸರೆಯಾಗುವಂತೆಯೇ ಇರಿಯಲೂ ಬಲ್ಲದು. ನಾವು ಎಷ್ಟು ವಿವರಿಸಿದರೂ ಫಲವಿರಲಿಲ್ಲ, ಏಕೆಂದರೆ ಈ ಭಯಕ್ಕೆ ಉತ್ತರ ಹೇಳುವ ಅಧಿಕಾರ ನಮಗಿರಲಿಲ್ಲ. ಅದು ಇದ್ದವರನ್ನೇ ಕೇಳಿಕೊಂಡೆವು. ಸ್ವಾಮಿಗಳು ಮನೆಗೆ ಬಂದು, ದೊಡ್ಡಪ್ಪನನ್ನೂ ಕೂರಿಸಿಕೊಂಡು, ಮಣ್ಣು ಕೊಟ್ಟವನು ನಾನು, ತಪ್ಪಿದ್ದರೆ ಅದು ನನ್ನ ತಲೆಯ ಮೇಲೆ, ಮಗುವಿನ ಮೇಲಲ್ಲ ಎಂದರು. ಹೊಣೆಯನ್ನು ತಾವು ಹೊತ್ತದ್ದೇ ಔಷಧಿಯಾಯಿತು. ಶಾಂತಿಯ ಮಾತು ಮತ್ತೆ ಏಳಲಿಲ್ಲ.

ಟ್ರಂಕಿನಲ್ಲಿ ಬಂದ ಲಿಂಗ

ಕೆಲವು ತಿಂಗಳ ಬಳಿಕ ಯೋಧನ ಸಾಮಾನಿನ ಕಪ್ಪು ಟ್ರಂಕು ಬಂತು. ಅವನ ಊರ ಸೀಮೆಯವನೇ ಆದ ಹವಾಲ್ದಾರರೊಬ್ಬರು ರಜೆಯಲ್ಲಿ ಬಂದವರು ಅದನ್ನು ತೆರೆಯುವಾಗ ಇದ್ದರು. ಮಡಚಿದ ಸಮವಸ್ತ್ರ, ಶೇವಿಂಗ್ ಡಬ್ಬಿ, ಮಗಳಿಗೆಂದು ಲೇಹ್‌ನಲ್ಲಿ ಕೊಂಡ ಉಣ್ಣೆಯ ಟೊಪ್ಪಿಗೆ, ಅದರ ಕೆಳಗೆ ಶಿವದಾರ ಸುತ್ತಿದ, ಲಿಂಗವಿಡುವ ಬೆಳ್ಳಿಯ ಕರಡಿಗೆ. ಅವನ ಇಷ್ಟಲಿಂಗ ಅವನ ಮೈಮೇಲಿರಲಿಲ್ಲ.

ಅವ್ವನ ಮೊದಲ ಮಾತು ನಾವು ಅಂಜಿದ್ದೇ ಆಗಿತ್ತು: ಕೊರಳಲ್ಲಿದ್ದಿದ್ದರೆ ಉಳೀತಿದ್ದ. ಹವಾಲ್ದಾರರು ಆಗ ಹೇಳಿದ ವಿಷಯ ಎರಡು. ಅಷ್ಟು ಎತ್ತರದ ಚಳಿಯಲ್ಲಿ ಲೋಹ ಚರ್ಮಕ್ಕೆ ತಾಗಿದರೆ ಚರ್ಮವೇ ಕಿತ್ತುಬರುತ್ತದೆ, ಹಾಗಾಗಿ ಅವನು ಅದನ್ನು ಕೆಳಗಿನ ನೆಲೆಯ ಸಾಮಾನಿನಲ್ಲಿ ಜೋಪಾನವಾಗಿ ಇಟ್ಟುಹೋಗಿದ್ದ. ಇನ್ನೊಂದು, ಹಿಮನದಿಯ ಬೇಸ್ ಕ್ಯಾಂಪಿನಲ್ಲಿ ಓಪಿ ಬಾಬಾನ ಗುಡಿಯಿದೆ. ಒಂಟಿಯಾಗಿ ಠಾಣೆ ಕಾಯ್ದ ಓಂ ಪ್ರಕಾಶ್ ಎಂಬ ಸೈನಿಕನೇ ತಮ್ಮನ್ನು ಕಾಯುತ್ತಾನೆಂಬುದು ಅಲ್ಲಿಯವರ ನಂಬಿಕೆ, ಮೇಲೆ ಹೋಗುವ ತುಕಡಿ ಅಲ್ಲಿ ವರದಿ ಒಪ್ಪಿಸಿಯೇ ಹೊರಡುತ್ತದೆ, ಇಳಿದು ಬಂದಾಗಲೂ ಹಾಗೆಯೇ. ‘ನಿಮ್ಮ ಮಗಾನೂ ಕೈ ಮುಗದ ಹೋಗ್ಯಾನ್ರಿ ಅವ್ವಾರ, ನಾ ಬಾಜೂಕ ಇದ್ದೆ. ದೇವರನ ಬಿಟ್ಟು ಹೋಗಿಲ್ಲ ಅವ.’ ಕಾಯುವ ಬಾಬಾನೂ ಕಾಯಲಿಲ್ಲವಲ್ಲ ಎಂದು ಅವ್ವ ಕೇಳಬಹುದಿತ್ತು. ಕೇಳಲಿಲ್ಲ. ಮಗ ಕೊನೆಯ ಬಾರಿ ಎಲ್ಲಿ ನಿಂತಿದ್ದ, ಕೈಗವಸು ತೆಗೆದು ಮುಗಿದನೋ ಹಾಕಿಕೊಂಡೇ ಮುಗಿದನೋ ಎಂದು ಕೇಳಿದಳು. ಹವಾಲ್ದಾರರು ನೆನಪಿಸಿಕೊಂಡು, ತೆಗೆದು, ಎಂದರು. ಆಕೆಯ ಮಟ್ಟಿಗೆ ಮಗನ ಸಾವಿಗೆ ಅಲ್ಲಿಯವರೆಗೆ ಒಂದು ಜಾಗವೇ ಇರಲಿಲ್ಲ. ಟಿವಿಯಲ್ಲಿ ಕಂಡ ಬರೀ ಬಿಳುಪಿತ್ತು.

ಈಗ ಈ ಲಿಂಗವನ್ನು ಏನು ಮಾಡಬೇಕು? ಇಷ್ಟಲಿಂಗ ಕಟ್ಟಿಕೊಂಡವನದೇ ಆಗಿರುತ್ತದೆ, ಒಬ್ಬರದನ್ನು ಇನ್ನೊಬ್ಬರು ಪೂಜಿಸುವ ಪದ್ಧತಿಯಿಲ್ಲ. ಊರಿನ ಅಯ್ಯನವರು ಹೊಳೆಗೆ ಬಿಡಿ ಎಂದರು. ದೊಡ್ಡಪ್ಪ ಸಮಾಧಿ ತೆರೆದು ಇಡೋಣ ಎಂದರು. ಅವ್ವ ಕರಡಿಗೆಯನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡು ಯಾರಿಗೂ ಕೊಡಲಿಲ್ಲ. ಮಠದಿಂದ ಬಂದ ನಿರ್ಣಯವನ್ನು ನಮ್ಮ ಕ್ಷೇತ್ರದ ಪುಸ್ತಕಗಳಲ್ಲಿ ಹುಡುಕಿದರೂ ಸಿಗಲಾರದು. ವರ್ಷಾಬ್ದಿಕಕ್ಕೆ ಸಮಾಧಿಯ ಮೇಲೆ ಗದ್ದುಗೆ ಕಟ್ಟುವಾಗ ಕಲ್ಲಿನ ಕೆಳಗೆ ಒಂದು ಗೇಣಿನ ಗೂಡು ಬಿಡಲು ಸ್ವಾಮಿಗಳು ಗೌಂಡಿಗೆ ಹೇಳಿದರು. ಅದಕ್ಕೆ ಸರಿಸಬಹುದಾದ ಬಿಲ್ಲೆಗಲ್ಲು. ಕೊಡಬೇಕು ಅನ್ನಿಸಿದ ದಿನ ಕೊಡು, ಅಲ್ಲಿಯವರೆಗೆ ಜಗಲಿಯ ಮೇಲಿರಲಿ, ನೀರೆರೆದು ವಿಭೂತಿ ಹಚ್ಚು, ಅದು ತಾಯಿಯ ಜೋಪಾನ, ಪೂಜೆಯೆಂದು ಯಾರೂ ಲೆಕ್ಕ ಹಿಡಿಯಬೇಕಿಲ್ಲ ಎಂದರು. ಗಡುವಿಲ್ಲದ ಈ ತೀರ್ಮಾನವೇ ಇಡೀ ಪ್ರಕರಣದಲ್ಲಿ ಅತಿ ಜಾಣತನದ್ದು ಎಂಬುದು ನನ್ನ ಅಭಿಪ್ರಾಯ. ಅವ್ವ ದಿನಾ ಬೆಳಿಗ್ಗೆ ಜಗಲಿಯ ಮುಂದೆ ಕೂರತೊಡಗಿದಳು. ಇಂದಿಗೂ ಲಿಂಗ ಜಗಲಿಯ ಮೇಲೆಯೇ ಇದೆ, ಗೂಡು ಖಾಲಿಯಿದೆ. ಇದನ್ನು ಚೇತರಿಕೆಯ ಕೊರತೆಯೆಂದು ಬರೆದುಕೊಳ್ಳಲು ನಾನು ಸಿದ್ಧನಿಲ್ಲ.

ರೊಟ್ಟಿ ಬಡಿಯುವ ಸಾಲಿನಲ್ಲಿ

ಆಕೆ ಮನೆಯ ಹೊರಗೆ ಬಂದದ್ದು ಇನ್ನೊಂದು ದಾರಿಯಿಂದ. ಕೊಪ್ಪಳದ ಗವಿಮಠದ ಜಾತ್ರೆಯ ದಾಸೋಹಕ್ಕೆ ಸುತ್ತಲಿನ ಹಳ್ಳಿಗಳ ಹೆಂಗಸರು ಖಡಕ್ ರೊಟ್ಟಿ ಬಡಿದು ಟ್ರ್ಯಾಕ್ಟರಿನಲ್ಲಿ ಕಳಿಸುವುದು ರೂಢಿ. ಆ ವರ್ಷ ಓಣಿಯ ಹೆಂಗಸೊಬ್ಬಳು ಬಾಗಿಲಿಗೆ ಬಂದು, ‘ನಿನ್ನ ಕೈಯಾಗ ತೆಳ್ಳಗ ಬರ್ತಾವು, ಬಾರವಾ’ ಎಂದಷ್ಟೇ ಕರೆದಳು. ಮಗನ ಮಾತಿಲ್ಲ, ಸಮಾಧಾನದ ಮಾತಿಲ್ಲ. ಕರೆದವಳು ಸಾಲದ ಬಾಧೆಗೆ ತನ್ನ ಮಗನನ್ನು ಕಳೆದುಕೊಂಡವಳು. ಆ ಸಾವಿಗೆ ಧ್ವಜವಿರಲಿಲ್ಲ, ಗುಂಡಿನ ವಂದನೆಯಿರಲಿಲ್ಲ, ಬದಲಿಗೆ ಪಿಸುಮಾತಿತ್ತು. ಗುಡಿಯ ಪಡಸಾಲೆಯಲ್ಲಿ ಸಾಲಾಗಿ ಕೂತು ಹಿಟ್ಟು ನಾದುತ್ತ, ಬಡಿಯುತ್ತ, ಹಂಚಿನ ಮೇಲೆ ನೀರು ಸವರುತ್ತ ಕೂತ ಆ ಹೆಂಗಸರಲ್ಲಿ ಹಾವು ಕಡಿದು ಮಗು ಹೋದವಳಿದ್ದಳು, ಹೆರಿಗೆಯಲ್ಲಿ ಮಗಳನ್ನು ಕಳೆದುಕೊಂಡವಳಿದ್ದಳು. ಅವ್ವ ಮೂರನೆಯ ದಿನ ತಾನಾಗಿ ಬಾಯಿಬಿಟ್ಟಳು. ಅಲ್ಲಿ ಆಕೆ ಯಾರಿಗೂ ವೀರಮಾತೆಯಲ್ಲ, ಮಕ್ಕಳನ್ನು ಕಳೆದುಕೊಂಡ ಅವ್ವಂದಿರಲ್ಲಿ ಒಬ್ಬಳು. ನಾವು ತಿಂಗಳುಗಟ್ಟಲೆ ಮಾಡಲಾಗದ್ದನ್ನು ಅವರು ಮೊರದ ತುಂಬ ಹಿಟ್ಟು ಮುಂದಿಟ್ಟು ಮಾಡಿದರು.

ಅದಾದ ಮೇಲೆ ಶ್ರಾವಣದ ಪುರಾಣಕ್ಕೂ ಆಕೆ ಹೋಗತೊಡಗಿದಳು, ಪುರಾಣ ಕೇಳುವುದಕ್ಕಿಂತ ಮುಗಿದ ಮೇಲಿನ ಪ್ರಸಾದ ಬಡಿಸುವುದೇ ಆಕೆಗೆ ಇಷ್ಟ. ಎಲ್ಲಮ್ಮನ ಫೋಟೊ ಮಾತ್ರ ಚೀಲಗಳ ಹಿಂದಿನಿಂದ ಬರಲಿಲ್ಲ. ಬನದ ಹುಣ್ಣಿಮೆಗೆ ಓಣಿಯವರೆಲ್ಲ ಗುಡ್ಡಕ್ಕೆ ಹೋದರೂ ಆಕೆ ಹೋಗಲಿಲ್ಲ, ದೇವಿಯ ಋಣ ಉಳಿಯುತ್ತದೆಂದು ಹೆದರಿಸಿದವರಿಗೆ, ಆಕಿ ಕೊಟ್ಟಿದ್ದರ ನಾ ಕೊಡತಿದ್ದೆ ಎಂದು ಬಾಯಿ ಮುಚ್ಚಿಸಿದಳು. ಭಕ್ತಿಯ ಒಂದು ಕೊಂಬೆ ಒಣಗಿ ಇನ್ನೊಂದು ಚಿಗುರಿದ ಈ ಸ್ಥಿತಿಯನ್ನು ಯಾರೂ ತಿದ್ದಲು ಹೋಗಲಿಲ್ಲ, ಸ್ವಾಮಿಗಳೂ ಸಹ.

ಸೊಸೆ, ಅಪ್ಪ, ಹಣ

ಒಂದೇ ಮನೆಯ ಮೂವರಿಗೆ ಒಂದೇ ಮದ್ದು ಹಿಡಿಯಲಿಲ್ಲ. ಅಪ್ಪ ಮಠದ ಮೆಟ್ಟಿಲು ಹತ್ತುವುದನ್ನು ಬಿಟ್ಟ, ಇಂದಿಗೂ ಹತ್ತಿಲ್ಲ. ಆತನಿಗೆ ಜೊತೆಯಾದವರು ತಾಲ್ಲೂಕಿನ ಮಾಜಿ ಸೈನಿಕರು. ಜುಲೈ 26ರ ಕಾರ್ಗಿಲ್ ವಿಜಯ ದಿವಸಕ್ಕೂ ಡಿಸೆಂಬರ್ 7ರ ಧ್ವಜ ದಿನಾಚರಣೆಗೂ ಅವರ ಜೊತೆ ಹೋಗಿ ಸುಮ್ಮನೆ ಕೂತು ಬರುತ್ತಾನೆ. ಬಸ್‌ ನಿಲ್ದಾಣದಲ್ಲಿ ಮಗನ ಪುತ್ಥಳಿ ನಿಲ್ಲಿಸಬೇಕೆಂದು ಯುವಕ ಸಂಘ ಬಂದಾಗ ಆತ ಹಿಗ್ಗಿದ್ದ. ಮಗಳನ್ನು ಅಂಗನವಾಡಿಗೆ ಬಿಡುವ ದಾರಿಯಲ್ಲಿ ದಿನಾ ಅದನ್ನು ನೋಡಲಾರೆ ಎಂದು ಸೊಸೆ ಹೇಳಿದ್ದರಿಂದ ವೃತ್ತಕ್ಕೆ ಹೆಸರಿಟ್ಟು ಪುತ್ಥಳಿಯನ್ನು ಮುಂದಕ್ಕೆ ಹಾಕಿದರು.

ಪಿಂಚಣಿ ಸೊಸೆಯ ಹೆಸರಿಗೆ ಬಂತು, ವಿಮೆಯ ಹಣ ಯೋಧ ನಾಮನಿರ್ದೇಶನ ಮಾಡಿದಂತೆ ಹಂಚಿಕೆಯಾಯಿತು. ಆಕೆ ತವರಿಗೆ ಹೋಗಿ ಬಿ.ಇಡಿ ಸೇರುವ ಮಾತಾಡಿದಾಗ ಮನೆಯಲ್ಲಿ ಜಗಳ ಹೊತ್ತಿಕೊಂಡಿತು. ದೊಡ್ಡಪ್ಪ ಮಠದಲ್ಲಿ ಪಂಚಾಯಿತಿ ಮಾಡಿಸಲು ಹೊರಟರು. ಸ್ವಾಮಿಗಳು ಒಪ್ಪಲಿಲ್ಲ. ಮಠ ರೊಟ್ಟಿ ಹಂಚಬಲ್ಲದು, ಪಿಂಚಣಿ ಹಂಚಲಾರದು ಎಂದು ಹೇಳಿ ಎಲ್ಲರನ್ನೂ ಸೈನಿಕ ಕಲ್ಯಾಣ ಇಲಾಖೆಯ ಜಿಲ್ಲಾ ಕಚೇರಿಗೆ ಕಳಿಸಿದರು. ಅಂದು ಅವರು ಒಂದು ಕಡೆ ವಾಲಿದ್ದರೆ, ಅತ್ತೆ ಸೊಸೆಯರಲ್ಲಿ ಒಬ್ಬರಿಗಾದರೂ ಮಠದ ಬಾಗಿಲು ಮುಚ್ಚುತ್ತಿತ್ತು. ತಿಂಗಳಿಗೆ ಇಷ್ಟೆಂದು ಅತ್ತೆ ಮಾವನಿಗೆ ಕಳಿಸುವ ಲಿಖಿತ ಒಪ್ಪಂದವಾಯಿತು. ಸೊಸೆ ಓದಲು ಹೋದಳು. ಆಕೆಗೆ ನಂಬಿಕೆ ಏನು ಕೊಟ್ಟಿತು ಎಂದು ಕೇಳಿದಾಗ, ಮೊದಲ ದಿನ ಬಳೆ ಉಳಿಸಿತು, ಮುಂದಿನದು ನಾನೇ ಮಾಡಿಕೊಂಡೆ ಎಂದಳು.

ಇದರಿಂದ ನಾವು ಬದಲಿಸಿಕೊಂಡದ್ದು

ಈ ಪ್ರಕರಣದಲ್ಲಿ ನಂಬಿಕೆ ಕೆಲಸ ಮಾಡಿದ ಕಡೆಗಳಲ್ಲೆಲ್ಲ ಅದು ವಿವರಣೆ ಕೊಡದೆ ಕೈಗೆ ಕೆಲಸ ಕೊಟ್ಟಿದೆ: ವಿಭೂತಿ ಹಚ್ಚುವುದು, ರೊಟ್ಟಿ ಬಡಿಯುವುದು, ಬಡಿಸುವುದು. ಸಾವಿಗೆ ಕಾರಣ ಹೇಳಹೊರಟಾಗಲೆಲ್ಲ, ಅದು ದೇಶದ ಹೆಸರಿನಲ್ಲಿರಲಿ, ಕರ್ಮದ ಹೆಸರಿನಲ್ಲಿರಲಿ, ಅವ್ವ ಒಳಗೆ ಸರಿದಳು. ಇದನ್ನು ಎಲ್ಲ ಮನೆಗೂ ಅನ್ವಯಿಸಲಾಗದು. ಇಲ್ಲಿದ್ದಂಥ ಸ್ವಾಮಿಗಳು ಎಲ್ಲ ಊರಲ್ಲೂ ಸಿಗುವುದಿಲ್ಲ, ಬಳೆ ಒಡೆಸುವವರೇ ಮಠದಲ್ಲಿದ್ದರೆ ಕಥೆ ಬೇರೆಯಾಗುತ್ತಿತ್ತು. ಆದ್ದರಿಂದ ಈಗ ನಾವು ಕುಟುಂಬದ ಗುರುವನ್ನೋ ಮೌಲ್ವಿಯನ್ನೋ ಪಾದ್ರಿಯನ್ನೋ ಕರೆಯುವ ಮೊದಲು, ಅವರ ಬಗ್ಗೆ ಮನೆಯ ಹೆಂಗಸರನ್ನು ಬೇರೆಯಾಗಿ ಕೂರಿಸಿ ವಿಚಾರಿಸುತ್ತೇವೆ. ಗಂಡಸರ ಉತ್ತರಕ್ಕೂ ಅವರ ಉತ್ತರಕ್ಕೂ ಹೆಚ್ಚಿನ ಸಲ ಹೊಂದಾಣಿಕೆ ಇರುವುದಿಲ್ಲ.

ಪಾರ್ಥಿವ ಶರೀರ ಹೊರಟ ಸುದ್ದಿ ಬಂದೊಡನೆ ಜೊತೆಗೆ ಬರುವ ತುಕಡಿಯ ಹಿರಿಯರಿಗೆ ಫೋನು ಮಾಡಿ, ಪೆಟ್ಟಿಗೆ ತೆರೆಯಬಹುದೇ, ದೇಹ ಯಾವ ಸ್ಥಿತಿಯಲ್ಲಿದೆ, ಮೈಮೇಲಿದ್ದ ಲಿಂಗ, ತಾಯಿತ, ಶಿಲುಬೆ ಎಲ್ಲಿವೆ ಎಂದು ಕೇಳುತ್ತೇವೆ. ಆ ಉತ್ತರಗಳನ್ನು ಕುಣಿ ತೋಡುವ ಮೊದಲೇ ಮನೆಗೆ ಮುಟ್ಟಿಸುತ್ತೇವೆ. ಗುಂಡು ಹಾರುವ ಹೊತ್ತಿಗೆ ತಾಯಿಯ ಪಕ್ಕದಲ್ಲಿ, ಇನ್ನೇನು ಹಾರಿಸುತ್ತಾರೆ ಎಂದು ಕಿವಿಯಲ್ಲಿ ಹೇಳಲು, ಒಬ್ಬರನ್ನು ನಿಲ್ಲಿಸುತ್ತೇವೆ.